ನಾನು ಹೇಳಿದ ಕಾದಂಬರಿಯನ್ನು ಗುಂಪಿನಲ್ಲಿ ಯಾರೂ ಮುಗಿಸುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಎಂಟು ಜನರ ಓದುಗರ ಗುಂಪು. ಮೊದಲ ಪುಸ್ತಕ ಅಂತ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೇಳಿದಿರಿ. ಆರು ಜನ ಐವತ್ತು ಪುಟದೊಳಗೇ ಕೈಬಿಟ್ಟರು. ಮುಂದೆ ಯಾವುದು ಹೇಳಲಿ, ಹೇಗೆ ಹೇಳಲಿ?

“ಮಾಸ್ಟರ್‌ಪೀಸ್, ಓದಲೇಬೇಕು” ಅಂತ ಬಿಟ್ಟರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. 1967ರ ಈ ಕಾದಂಬರಿ ಆರೇಳುನೂರು ಪುಟದ್ದು. ಒಬ್ಬ ನಾಯಕ ಅಂತಿಲ್ಲ, ಮನೆತನಗಳು ಹಲವಾರು, ಮಾತು ತೀರ್ಥಹಳ್ಳಿ ಕಡೆಯದು. ಯಾರು ಯಾರ ಮಗ ಅಂತ ಲೆಕ್ಕ ಇಡಲು ಹೋದವರು ಅಲ್ಲೇ ಸುಸ್ತಾಗುತ್ತಾರೆ. ಒಂದು ಚೀಟಿಯಲ್ಲಿ ಮೂರು ಜೋಡಿಗಳ ಹೆಸರು ಬರೆದು ಪುಸ್ತಕದೊಳಗೆ ಇಡಲು ಹೇಳಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಜೊತೆಗೆ ಗುತ್ತಿಯ ನಾಯಿ ಹುಲಿಯ. ಇವರನ್ನು ಹಿಡಿದುಕೊಂಡರೆ ಸಾಕು, ಉಳಿದವರು ಬಂದು ಹೋಗಲಿ.

ಪುಸ್ತಕ ಸೂಚಿಸುವಾಗ ನಾನಾದರೆ ನಾಲ್ಕು ವಿಷಯ ಹೇಳುತ್ತೇನೆ: ಎಷ್ಟು ದಪ್ಪ, ಯಾವ ಸೀಮೆಯ ಕನ್ನಡ, ಎಲ್ಲಿಯವರೆಗೆ ತಾಳ್ಮೆ ಬೇಕು, ಯಾರಿಗೆ ಹಿಡಿಸಲಿಕ್ಕಿಲ್ಲ. ಕೊನೆಯದನ್ನು ಎಲ್ಲರೂ ನುಂಗಿಬಿಡುತ್ತಾರೆ, ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತದ ಕಥೆಯೇ, ಆದರೆ ವರ, ಶಾಪ, ಪವಾಡ ಯಾವುದೂ ಇಲ್ಲ. ಶುರುವಾಗುವುದು ಪಾಂಡವರಿಂದಲ್ಲ, ಮುದುಕ ಶಲ್ಯನ ಮನೆಯಿಂದ. ಟಿವಿಯ ಮಹಾಭಾರತ ತಲೆಯಲ್ಲಿರುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ನಿರಾಸೆಯಾಗುತ್ತದೆ.

ಪುಟ ಕಡಿಮೆ ಇದ್ದರೆ ಸುಲಭ ಅಂತಲೂ ತಿಳಿಯಬೇಡಿ. ದೇವನೂರ ಮಹಾದೇವರ ‘ಕುಸುಮಬಾಲೆ’ ತೆಳ್ಳನೆಯ ಪುಸ್ತಕ, 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಪತ್ರಿಕೆಯ ಕನ್ನಡ ಮಾತ್ರ ಓದಿ ರೂಢಿ ಇದ್ದವರು ಮೊದಲ ಪುಟದಲ್ಲೇ ತಡವರಿಸುತ್ತಾರೆ, ಏಕೆಂದರೆ ಅದು ನಂಜನಗೂಡು, ಚಾಮರಾಜನಗರ ಕಡೆಯ ಆಡುಮಾತು. ಕಣ್ಣಿನಲ್ಲಿ ಓದದೆ ಬಾಯಿಬಿಟ್ಟು ಓದಿ. ದೀಪದ ಜೋತಮ್ಮಂದಿರು ರಾತ್ರಿ ಕೂತು ಮಾತಾಡುವ ಭಾಗವನ್ನು ಒಬ್ಬರು ಜೋರಾಗಿ ಓದಿದರೆ, ಆ ಸೀಮೆಯವರಲ್ಲದವರಿಗೂ ಅರ್ಧಕ್ಕರ್ಧ ಕಿವಿಯಿಂದಲೇ ಅರ್ಥವಾಗುತ್ತದೆ.

ನಿಮ್ಮ ಗುಂಪಿಗೆ ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಬೆಂಗಳೂರಿನ ಕಾಫಿ ಹೌಸ್, ಅಲ್ಲಿನ ಸಪ್ಲೈಯರ್ ವಿನ್ಸೆಂಟ್, ಸೋನಾ ಮಸಾಲ ಮಾರಿ ದುಡ್ಡು ಕಂಡ ಒಂದು ಮನೆ. ಒಂದು ಭಾನುವಾರಕ್ಕೆ ಮುಗಿಯುತ್ತದೆ. ಕೊನೆಯ ಬಗ್ಗೆ ಒಂದಕ್ಷರ ಆಡಬೇಡಿ, ಹಳೆ ಮನೆಯ ಇರುವೆಗಳ ವಿಷಯ ಮಾತ್ರ ಹೇಳಿ ಆಸೆ ಹುಟ್ಟಿಸಿ. ಆಮೇಲೆ ತೇಜಸ್ವಿಯವರ ‘ಕರ್ವಾಲೊ’ (1980). ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗಿ ಹಾರುವ ಓತಿಯ ಬೆನ್ನು ಹತ್ತುತ್ತದೆ. ವಾಕ್ಯಗಳು ಸಲೀಸು, ನಗು ಧಾರಾಳ. ಮೂರನೆಯದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಮತ, ಇತಿಹಾಸದ ವಿಷಯಕ್ಕೆ ವಿವಾದವೆಬ್ಬಿಸಿದ ಭೈರಪ್ಪನವರ ‘ಆವರಣ’ (2007) ಸದ್ಯಕ್ಕೆ ಬೇಡ. ಓದಬಾರದು ಅಂತಲ್ಲ, ಹೊಸ ಗುಂಪಿನಲ್ಲಿ ಚರ್ಚೆ ಪುಸ್ತಕ ಬಿಟ್ಟು ಟಿವಿ ಡಿಬೇಟಿನ ದಾರಿ ಹಿಡಿಯುತ್ತದೆ.

ಕೊಳ್ಳಲು ಗಾಂಧಿ ಬಜಾರಿನ ಅಂಕಿತ ಅಥವಾ ಗಾಂಧಿನಗರದ ಸಪ್ನಕ್ಕೆ ಹೋದರೆ, ಮೊದಲ ಪುಟದ ಜೊತೆ ನಡುವಿನ ಯಾವುದಾದರೂ ಒಂದು ಪುಟವನ್ನು ಅಲ್ಲೇ ನಿಂತು ಓದಿ ನೋಡಿ. ಎಲ್ಲರ ಬಳಿ ಒಂದೇ ಮುದ್ರಣ ಇರುವುದಿಲ್ಲ, ಪುಟಸಂಖ್ಯೆ ಹೊಂದುವುದಿಲ್ಲ. “120ನೇ ಪುಟ ನೋಡಿ” ಅಂದರೆ ಗೊಂದಲ, ಅಧ್ಯಾಯ ಹೇಳಿ.

ಸೇರಿದಾಗ “ಹೇಗಿತ್ತು?” ಅಂತ ಕೇಳಬೇಡಿ, “ಚೆನ್ನಾಗಿತ್ತು” ಅಂತ ಮಾತು ಅಲ್ಲಿಗೇ ಮುಗಿಯುತ್ತದೆ. “ಎಲ್ಲಿ ನಿಲ್ಲಿಸಿದಿರಿ?” ಅಂತ ಕೇಳಿ. ಮೂವರು ಒಂದೇ ಜಾಗ ಹೇಳಿದರೆ ಅಲ್ಲಿಂದ ಮಾತು ಶುರುಮಾಡಿ. ಮುಗಿಸದವರೂ ಬಾಯಿ ಬಿಡುತ್ತಾರೆ.

ಮದುಮಗಳನ್ನು ನಾಲ್ಕನೆಯದಾಗಿ ಮತ್ತೆ ತೆಗೆಯಿರಿ. ವಾರಕ್ಕೆ ನಲವತ್ತು ಪುಟ, ಒಟ್ಟು ನಾಲ್ಕು ತಿಂಗಳು. ಬಿಟ್ಟವರು ಬಿಟ್ಟ ಪುಟದಿಂದ ಹಿಡಿಯುವುದು ಬೇಡ, ಆ ಮೂರು ಜೋಡಿಯ ಚೀಟಿ ಇಟ್ಟುಕೊಂಡು ಮೊದಲಿಂದಲೇ ಓದಲಿ.