ಓದುಗರ ಪ್ರಶ್ನೆ: ಕೈಗೆ ಒಗ್ಗುವ ಹ್ಯಾಮ್‌ಸ್ಟರ್ ಯಾವುದು?

ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯ ಸಾಕಣೆಯ ಬಗ್ಗೆ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಉತ್ತರಕ್ಕಾಗಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹತ್ತು ವರ್ಷದ ಮಗಳು ಹ್ಯಾಮ್‌ಸ್ಟರ್ ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯಲ್ಲಿ ವಿಚಾರಿಸಿದರೆ ಸಿರಿಯನ್, ಟೆಡ್ಡಿ ಬೇರ್, ಡ್ವಾರ್ಫ್, ರೋಬೋ ಎಂದು ನಾಲ್ಕಾರು ಹೆಸರು ಹೇಳುತ್ತಾರೆ. ಚಿಕ್ಕದಾದಷ್ಟೂ ಮಕ್ಕಳಿಗೆ ಸುಲಭ ಎಂದೂ ಸೇರಿಸುತ್ತಾರೆ. ಕಚ್ಚದೆ ಕೈಯಲ್ಲಿ ಕೂರುವ ತಳಿ ಯಾವುದು?

ಉತ್ತರ: ಮೊದಲ ಬಾರಿಗೆ ಹ್ಯಾಮ್‌ಸ್ಟರ್ ಸಾಕುವ ಮನೆಗೆ, ಅದರಲ್ಲೂ ಮಗುವಿನ ಕೈಗೆ ಬರಬೇಕಾದ ಪ್ರಾಣಿಯೆಂದಾದರೆ, ಸಿರಿಯನ್ ಹ್ಯಾಮ್‌ಸ್ಟರನ್ನೇ ಆರಿಸಿಕೊಳ್ಳಿ. ಚಿಕ್ಕದಾದಷ್ಟೂ ಸುಲಭ ಎಂಬ ಸಲಹೆ ಕೇಳುವುದಕ್ಕೆ ಸರಿಯೆನಿಸಿದರೂ ಅನುಭವ ಅದಕ್ಕೆ ತದ್ವಿರುದ್ಧವಾಗಿದೆ. ಪ್ರಾಣಿ ಚಿಕ್ಕದಾದಷ್ಟೂ ಓಟ ಚುರುಕಾಗಿರುತ್ತದೆ, ಕೈಗೆ ಸಿಗುವುದು ಕಷ್ಟವಾಗುತ್ತದೆ. ಸಿಗದಿದ್ದಾಗ ಮಗು ಬಿಗಿಯಾಗಿ ಹಿಡಿಯುತ್ತದೆ, ಬಿಗಿಯಾಗಿ ಹಿಡಿದಾಗ ಅದು ಕಚ್ಚುತ್ತದೆ, ಕಚ್ಚಿಸಿಕೊಂಡ ಮಗು ಕೈ ಕೊಡವುತ್ತದೆ, ಹ್ಯಾಮ್‌ಸ್ಟರ್ ನೆಲಕ್ಕೆ ಬಿದ್ದು ಕಾಲು ಮುರಿದುಕೊಳ್ಳುತ್ತದೆ. ವಯಸ್ಕ ಸಿರಿಯನ್ ಸುಮಾರು 13ರಿಂದ 18 ಸೆಂಟಿಮೀಟರ್ ಉದ್ದವಿದ್ದು, 100ರಿಂದ 150 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಬೊಗಸೆ ತುಂಬುವ ಈ ಗಾತ್ರದಿಂದಾಗಿಯೇ ಅದನ್ನು ಒತ್ತದೆ, ಜಾರಿಸದೆ ಎತ್ತಿಕೊಳ್ಳಲು ಸಾಧ್ಯವಾಗುತ್ತದೆ. ಅದರ ನಡಿಗೆಯೂ ಉಳಿದವುಗಳಿಗೆ ಹೋಲಿಸಿದರೆ ನಿಧಾನ.

ಅಂಗಡಿಯವರು ಹೇಳಿದ ಹೆಸರುಗಳಲ್ಲಿ ಒಂದು ಗೊಂದಲವಿದೆ, ಅದನ್ನು ಮೊದಲು ಬಿಡಿಸಿಕೊಳ್ಳೋಣ. ಮನೆಗಳಲ್ಲಿ ಸಾಕುವ ಹ್ಯಾಮ್‌ಸ್ಟರ್‌ಗಳು ಸಾಮಾನ್ಯವಾಗಿ ಐದು ಬಗೆಯವು: ಸಿರಿಯನ್, ಕ್ಯಾಂಪ್‌ಬೆಲ್ ಡ್ವಾರ್ಫ್, ವಿಂಟರ್ ವೈಟ್ ಡ್ವಾರ್ಫ್, ರೊಬೊರೊವ್‌ಸ್ಕಿ ಮತ್ತು ಚೈನೀಸ್. ಇವು ನಾಯಿಯ ತಳಿಗಳಂತೆ ಒಂದೇ ಜೀವಿಯ ರೂಪಾಂತರಗಳಲ್ಲ, ಐದೂ ಬೇರೆ ಬೇರೆ ಪ್ರಭೇದಗಳು. ಟೆಡ್ಡಿ ಬೇರ್ ಎಂಬುದು ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಉದ್ದ ಕೂದಲಿನ ಸಿರಿಯನ್ನೇ ಹೊರತು ಬೇರೆಯಲ್ಲ. ಪಾಂಡಾ ಬೇರ್, ಬ್ಲ್ಯಾಕ್ ಬೇರ್ ಎಂಬುವೂ ಸಿರಿಯನ್‌ನ ಬಣ್ಣಗಳನ್ನು ಸೂಚಿಸುವ ಮಾರಾಟದ ಹೆಸರುಗಳಷ್ಟೇ. ಆದ್ದರಿಂದ ಹೆಸರು ಮುದ್ದಾಗಿದೆಯೆಂದು ಹೆಚ್ಚು ಹಣ ತೆರಬೇಕಾಗಿಲ್ಲ. ಮೈಬಣ್ಣಕ್ಕೂ ಸ್ವಭಾವಕ್ಕೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಂತಹ ಸಂಬಂಧವಿಲ್ಲ. ಉದ್ದ ಕೂದಲಿನದು ನೋಡಲು ಚಂದವೇ ಸರಿ, ಆದರೆ ಗಂಡಿನ ಹಿಂಭಾಗದಲ್ಲಿ ಲಂಗದಂತೆ ಇಳಿಬೀಳುವ ಕೂದಲಿಗೆ ಹಾಸಿನ ಚೂರುಗಳು ಸಿಕ್ಕಿಕೊಂಡು ಗಂಟಾಗುತ್ತವೆ. ಅವನ್ನು ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಆಗಾಗ ಬಿಡಿಸಬೇಕಾಗುತ್ತದೆ. ಮೊದಲ ಬಾರಿಗೆ ಸಾಕುವವರಿಗೆ ಗಿಡ್ಡ ಕೂದಲಿನದೇ ವಾಸಿ.

ಸಿರಿಯನ್ ಹ್ಯಾಮ್‌ಸ್ಟರ್ ಮನುಷ್ಯರ ನಡುವೆ ಬಂದದ್ದು ಬಹಳ ಹಿಂದೇನಲ್ಲ. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ನಗರದ ಹತ್ತಿರ ಬಿಲವೊಂದನ್ನು ಅಗೆಸಿ ಅದರಲ್ಲಿ ಸಿಕ್ಕ ಮರಿಗಳನ್ನು ಜೆರುಸಲೇಮಿಗೆ ತಂದರು. ಇಂದು ಲೋಕದಾದ್ಯಂತ ಸಾಕಲಾಗುತ್ತಿರುವ ಸಿರಿಯನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದು ಬಿಲದ ಸಂತತಿ ಎಂದು ಹೇಳಲಾಗುತ್ತದೆ. ಇಷ್ಟು ತಲೆಮಾರುಗಳು ಪಂಜರದಲ್ಲೇ ಹುಟ್ಟಿ ಬೆಳೆದಿದ್ದರೂ ಪ್ರತಿಯೊಂದು ಮರಿಯನ್ನೂ ಹೊಸದಾಗಿಯೇ ಪಳಗಿಸಬೇಕು ಎಂಬುದನ್ನು ನೆನಪಿಡಿ. ಸಿರಿಯನ್ ಸ್ನೇಹಶೀಲ ಎಂದರೆ ಅದು ಹುಟ್ಟುತ್ತಲೇ ಸ್ನೇಹವನ್ನು ಹೊತ್ತು ಬರುತ್ತದೆಂದು ಅರ್ಥವಲ್ಲ, ಉಳಿದವುಗಳಿಗಿಂತ ಬೇಗ ಕೈಗೆ ಒಗ್ಗುತ್ತದೆಂದಷ್ಟೇ ಅರ್ಥ. ನಾಯಿಯಂತೆ ಬಾಗಿಲಿಗೆ ಓಡಿಬಂದು ನಿಮ್ಮನ್ನು ಎದುರುಗೊಳ್ಳಲಿ ಎಂಬ ನಿರೀಕ್ಷೆಯನ್ನು ಯಾವ ಹ್ಯಾಮ್‌ಸ್ಟರ್‌ನಿಂದಲೂ ಇಟ್ಟುಕೊಳ್ಳಬಾರದು.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಂಟರ್ ವೈಟ್ ಡ್ವಾರ್ಫ್‌ಗಳಲ್ಲಿ ಸೌಮ್ಯವಾದವು ಸಾಕಷ್ಟಿವೆ. ಎಂಟು ಹತ್ತು ಸೆಂಟಿಮೀಟರ್ ಉದ್ದದ ಈ ಪ್ರಾಣಿಯ ಮೈಗೂದಲು ಹಗಲು ಗಿಡ್ಡವಾಗುವ ಕಾಲದಲ್ಲಿ ಬಿಳಿಯಾಗುವುದುಂಟು. ಕ್ಯಾಂಪ್‌ಬೆಲ್ ಡ್ವಾರ್ಫ್ ಗಾತ್ರದಲ್ಲಿ ಅದರಂತೆಯೇ ಇದ್ದರೂ ತನ್ನ ಪಂಜರದೊಳಗೆ ಬಂದ ಕೈಯನ್ನು ಸುಲಭಕ್ಕೆ ಸಹಿಸುವುದಿಲ್ಲ. ಜೊತೆಗೆ ಅದಕ್ಕೆ ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚಿರುವುದರಿಂದ ಹಣ್ಣನ್ನೂ ಸಿಹಿ ತಿನಿಸನ್ನೂ ದೂರವಿಡಬೇಕು. ಅಂಗಡಿಗಳಲ್ಲಿ ಬರೀ ಡ್ವಾರ್ಫ್ ಎಂದು ಸಿಗುವವುಗಳಲ್ಲಿ ಈ ಎರಡರ ಮಿಶ್ರಣಗಳೇ ಬಹಳ. ಅವಕ್ಕೂ ಇದೇ ಪಥ್ಯ ಒಳ್ಳೆಯದು. ಚೈನೀಸ್ ಹ್ಯಾಮ್‌ಸ್ಟರ್ ತೆಳ್ಳಗೆ ಉದ್ದವಾಗಿದ್ದು ಬಾಲವೂ ಎದ್ದು ಕಾಣುತ್ತದೆ. ಪಳಗಿದ ಮೇಲೆ ತನ್ನ ಪುಟ್ಟ ಕಾಲುಗಳಿಂದ ಬೆರಳನ್ನು ಅಪ್ಪಿ ಹಿಡಿದು ಕೂರುವ ಈ ಪ್ರಾಣಿ ನನಗೆ ವೈಯಕ್ತಿಕವಾಗಿ ಬಲು ಮೆಚ್ಚುಗೆಯದು, ಆದರೆ ಎಲ್ಲೆಡೆ ಸಿಗುವುದಿಲ್ಲ ಮತ್ತು ಪಳಗಿಸಲು ದೊಡ್ಡವರ ತಾಳ್ಮೆ ಬೇಕು. ರೋಬೋ ಎಂದು ನಿಮಗೆ ಹೇಳಿದ್ದು ರೊಬೊರೊವ್‌ಸ್ಕಿಯನ್ನು. ನಾಲ್ಕೈದು ಸೆಂಟಿಮೀಟರ್ ಉದ್ದ, ಇಪ್ಪತ್ತು ಇಪ್ಪತ್ತೈದು ಗ್ರಾಂ ತೂಕದ ಅದು ಕಚ್ಚುವುದು ಕಡಿಮೆ. ಕಚ್ಚುವಷ್ಟು ಹೊತ್ತು ಒಂದೆಡೆ ನಿಲ್ಲುವುದೇ ಇಲ್ಲ. ಅದನ್ನು ನೋಡಿ ಸಂತೋಷಪಡಬಹುದು, ಎತ್ತಿ ಆಡಿಸಲಾಗದು.

ಪ್ರಭೇದ ತೀರ್ಮಾನವಾದ ಮೇಲೆ ಇನ್ನೂ ಮುಖ್ಯವಾದ ಕೆಲಸವೊಂದು ಉಳಿಯುತ್ತದೆ, ಅದು ಎದುರಿಗಿರುವ ಹತ್ತು ಮರಿಗಳಲ್ಲಿ ಒಂದನ್ನು ಆರಿಸುವುದು. ಸಂಜೆಯ ಹೊತ್ತಿಗೆ ಹೋಗಿ, ಹಗಲಿನಲ್ಲಿ ನಿದ್ದೆಯಿಂದ ಎಬ್ಬಿಸಿದ ಪ್ರಾಣಿಯ ಸ್ವಭಾವ ತಿಳಿಯುವುದಿಲ್ಲ. ಮಾರುವವರನ್ನೇ ಮೊದಲು ಎತ್ತಿಕೊಳ್ಳಲು ಹೇಳಿ, ಅವರೇ ಕೈಗವಸು ಹುಡುಕಿದರೆ ನಿಮಗೆ ಉತ್ತರ ಸಿಕ್ಕಂತಾಯಿತು. ಅನಂತರ ನಿಮ್ಮ ಅಂಗೈಯನ್ನು ನೆಲಮಟ್ಟದಲ್ಲಿ ಚಾಚಿ ಸುಮ್ಮನಿರಿ. ಮೂಗು ಅಲುಗಿಸುತ್ತ ಬಂದು ಮೂಸಿ, ಹಿಂದೆ ಸರಿದು, ಮತ್ತೆ ಬರುವ ಮರಿ ಒಳ್ಳೆಯ ಆಯ್ಕೆ. ಮೈಯನ್ನು ನೆಲಕ್ಕೆ ಒತ್ತಿ ಕಲ್ಲಿನಂತೆ ಕೂತಿರುವ ಮರಿಯನ್ನು ಪಾಪದ್ದೆಂದು ತಿಳಿದು ತರುವವರೇ ಹೆಚ್ಚು, ಆದರೆ ಅದು ಶಾಂತವಾಗಿರುವುದಲ್ಲ, ಹೆದರಿ ಮರಗಟ್ಟಿರುವುದು. ಅಂಗಾತ ಬಿದ್ದು ಹಲ್ಲು ತೋರಿಸಿ ಕಿರುಚುವುದನ್ನು ಸಿಟ್ಟಿನ ಪ್ರಾಣಿ ಎನ್ನುವುದಕ್ಕಿಂತ ಕೈಯನ್ನೇ ಕಂಡಿರದ ಪ್ರಾಣಿ ಎನ್ನುವುದು ಸರಿ.

ಕಣ್ಣುಗಳು ಹೊಳೆಯುತ್ತಿರಬೇಕು, ಉಸಿರಾಟದಲ್ಲಿ ಸದ್ದಿರಬಾರದು, ಬಾಲದ ಸುತ್ತ ಒಣಗಿರಬೇಕು. ಎಳೆಯ ಸಿರಿಯನ್‌ಗಳಿಗೆ ತಾಯಿಯಿಂದ ಬೇರ್ಪಟ್ಟ ದಿನಗಳಲ್ಲಿ ತೀವ್ರ ಭೇದಿ ತಗುಲುವುದುಂಟು. ವೆಟ್ ಟೇಲ್ ಎಂದು ಕರೆಯುವ ಈ ರೋಗ ಎರಡು ಮೂರು ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಪಂಜರದಲ್ಲಿ ಒಂದು ಮರಿಯ ಹಿಂಭಾಗ ತೇವವಾಗಿದ್ದರೂ ಆ ಪಂಜರದ ಯಾವ ಮರಿಯನ್ನೂ ತರಬೇಡಿ. ಗಂಡು ಹೆಣ್ಣುಗಳನ್ನು ಒಟ್ಟಿಗೆ ಇಟ್ಟಿದ್ದಾರೆಯೇ ಎಂದೂ ಗಮನಿಸಿ. ಸಿರಿಯನ್ ಹೆಣ್ಣು ಇನ್ನೂ ಮರಿಯಂತೆ ಕಾಣುವ ವಯಸ್ಸಿನಲ್ಲೇ ಗರ್ಭ ಧರಿಸಬಲ್ಲದು, ಅದರ ಗರ್ಭಾವಧಿ ಬರೀ 16 ದಿನ. ಸ್ವಭಾವದ ಮಟ್ಟಿಗೆ ಗಂಡು ಸಿರಿಯನ್ ತುಸು ಸಾವಧಾನಿ ಎಂಬುದು ಹಲವು ಸಾಕಣೆದಾರರ ಅಭಿಪ್ರಾಯ. ಹೆಣ್ಣು ಸುಮಾರು ನಾಲ್ಕು ದಿನಗಳಿಗೊಮ್ಮೆ ಬೆದೆಗೆ ಬರುವುದರಿಂದ ಆ ಸಂಜೆಗಳಲ್ಲಿ ಹೆಚ್ಚು ಚಡಪಡಿಸುತ್ತದೆ. ಆದರೂ ಧೈರ್ಯದಿಂದ ಮೂಸಲು ಬಂದ ಹೆಣ್ಣನ್ನು ಬಿಟ್ಟು ಮೂಲೆಯಲ್ಲಿ ಅಡಗಿದ ಗಂಡನ್ನು ತರುವುದು ಜಾಣತನವಲ್ಲ.

ಪ್ರಶ್ನೆ: ಒಂದೇ ಇದ್ದರೆ ಬೇಸರವಾಗುತ್ತದೆಂದು ಎರಡು ಸಿರಿಯನ್ ಮರಿಗಳನ್ನು, ಒಂದೇ ಸೂಲಿನ ಅಕ್ಕತಂಗಿಯರನ್ನು, ತರಬೇಕೆಂದಿದ್ದೇವೆ. ಈಗ ಅಪ್ಪಿಕೊಂಡೇ ಮಲಗುತ್ತವೆ. ಒಂದೇ ಪಂಜರ ಸಾಕಲ್ಲವೇ?

ಉತ್ತರ: ಸಾಕಾಗುವುದಿಲ್ಲ. ಸಿರಿಯನ್ ಹ್ಯಾಮ್‌ಸ್ಟರ್ ಕಾಡಿನಲ್ಲೂ ಒಂದು ಬಿಲಕ್ಕೆ ಒಂದರಂತೆ ಬದುಕುವ ಒಂಟಿ ಜೀವಿ. ಎಂಟು ಹತ್ತು ವಾರ ದಾಟುತ್ತಲೇ ಒಡಹುಟ್ಟುಗಳೂ ಒಂದನ್ನೊಂದು ಕಚ್ಚಿ ಓಡಿಸತೊಡಗುತ್ತವೆ, ಓಡಿಹೋಗಲು ಜಾಗವಿಲ್ಲದ ಪಂಜರದಲ್ಲಿ ಅದು ಸಾವಿನಲ್ಲಿ ಮುಗಿಯುವುದೂ ಉಂಟು. ಎರಡು ಬೇಕೇ ಬೇಕೆಂದಿದ್ದರೆ ಎರಡು ಪಂಜರ, ಎರಡು ಚಕ್ರ, ಎರಡು ಗೂಡು ಇರಲಿ. ಡ್ವಾರ್ಫ್‌ಗಳಲ್ಲಿ ಒಂದೇ ಲಿಂಗದ ಒಡಹುಟ್ಟುಗಳು ಹೊಂದಿಕೊಂಡು ಬಾಳುವುದುಂಟಾದರೂ ತಿಂಗಳುಗಟ್ಟಲೆ ಚೆನ್ನಾಗಿದ್ದು ಒಂದು ರಾತ್ರಿ ಏಕಾಏಕಿ ಕಾದಾಡುವುದೂ ಅಷ್ಟೇ ಸಾಮಾನ್ಯ. ಒಂಟಿತನದ ಬೇಸರ ನಮ್ಮದು, ಅದರದಲ್ಲ.

ಪ್ರಶ್ನೆ: ಡ್ವಾರ್ಫ್ ಹ್ಯಾಮ್‌ಸ್ಟರ್ ತಂದು ತಿಂಗಳಾಗುತ್ತ ಬಂತು. ಊಟ ಹಾಕಲು ಕೈಯಿಟ್ಟರೂ ಕಚ್ಚುತ್ತದೆ. ಇದನ್ನು ಯಾರಿಗಾದರೂ ಕೊಟ್ಟು ಸಾಧುವಾದ ಬೇರೆ ತಳಿ ತರೋಣವೇ?

ಉತ್ತರ: ಅವಸರ ಮಾಡಬೇಡಿ. ಕೈಯನ್ನು ಬದಲಿಸದೆ ಪ್ರಾಣಿಯನ್ನು ಬದಲಿಸಿದರೆ ಮುಂದಿನದೂ ಕಚ್ಚುವ ಸಾಧ್ಯತೆಯೇ ಹೆಚ್ಚು. ಹ್ಯಾಮ್‌ಸ್ಟರ್‌ಗೆ ದೃಷ್ಟಿ ಮಂದ, ಅದು ಲೋಕವನ್ನು ಮೂಗಿನಿಂದ ಅರಿಯುತ್ತದೆ. ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಹದ್ದಿಗಿಂತ ಬೇರೆಯಲ್ಲ, ತಿಂಡಿಯ ವಾಸನೆಯಿರುವ ಬೆರಳಾದರೆ ಅದು ತಿಂಡಿಯೇ. ಆದ್ದರಿಂದ ಮೊದಲು ವಾಸನೆಯಿಲ್ಲದ ಸಾಬೂನಿನಿಂದ ಕೈ ತೊಳೆಯಿರಿ. ಕೆಲವು ದಿನ ಮುಟ್ಟುವ ಯತ್ನವನ್ನೇ ಬಿಟ್ಟು, ಪ್ರತಿ ಸಂಜೆ ಪಂಜರದ ಬಳಿ ಕೂತು ಮೆಲುದನಿಯಲ್ಲಿ ಮಾತನಾಡಿ. ನಿಮ್ಮ ಅಂಗೈಯಲ್ಲಿ ಉಜ್ಜಿದ, ಪರಿಮಳವಿಲ್ಲದ ಟಿಶ್ಯೂ ಕಾಗದದ ಚೂರುಗಳನ್ನು ಒಳಗೆ ಹಾಕಿದರೆ ಅದು ಅವನ್ನು ಗೂಡಿಗೆ ಎಳೆದುಕೊಂಡು ಹೋಗಿ ಹಾಸಿಕೊಳ್ಳುತ್ತದೆ. ನಿಮ್ಮ ವಾಸನೆಯಲ್ಲೇ ಮಲಗಿ ಎದ್ದ ಪ್ರಾಣಿಗೆ ನೀವು ಅಪರಿಚಿತರಾಗಿ ಉಳಿಯುವುದಿಲ್ಲ.

ಆಮೇಲೆ ಅಂಗೈ ಮೇಲೆ ಒಂದು ಸೂರ್ಯಕಾಂತಿ ಬೀಜವಿಟ್ಟು ಕಾಯಿರಿ. ಮೊದಲು ಅದು ಕತ್ತನ್ನಷ್ಟೇ ಉದ್ದ ಮಾಡಿ, ಹಿಂಗಾಲುಗಳನ್ನು ನೆಲದಲ್ಲೇ ಊರಿಕೊಂಡು, ಬೀಜವನ್ನು ಕಚ್ಚಿ ಕೆನ್ನೆಚೀಲಕ್ಕೆ ತುರುಕಿ ಓಡುತ್ತದೆ. ಕೆಲವು ಸಂಜೆಗಳಲ್ಲಿ ಮುಂಗಾಲುಗಳು ಅಂಗೈಗೆ ಬರುತ್ತವೆ, ಅನಂತರ ಇಡೀ ಮೈ. ಬೀಜವನ್ನು ಒಯ್ಯದೆ ನಿಮ್ಮ ಕೈಯಲ್ಲೇ ಕೂತು ಸುಲಿದು ತಿಂದರೆ ನಂಬಿಕೆ ಹುಟ್ಟಿತೆಂದು ತಿಳಿಯಿರಿ. ಅಲ್ಲಿಯವರೆಗೆ ಎತ್ತಿ ಹೊರತರಬೇಕಾದಾಗ ಕೈ ಹಾಕದೆ, ಒಂದು ಲೋಟವನ್ನೋ ರಟ್ಟಿನ ಕೊಳವೆಯನ್ನೋ ಅದರ ಮುಂದೆ ಅಡ್ಡಲಾಗಿಟ್ಟು ಅದಾಗಿಯೇ ಒಳಗೆ ನಡೆಯುವಂತೆ ಮಾಡಿ. ಪಂಜರದ ಹೊರಗೆ, ನೆಲದ ಮೇಲೆ ಕೂತು ಆಡಿಸುವಾಗ ಕಚ್ಚುವ ಡ್ವಾರ್ಫ್‌ಗಳೂ ಎಷ್ಟೋ ಸೌಮ್ಯವಾಗಿರುತ್ತವೆ. ಕಚ್ಚಿದರೆ ಕೊಡವಬೇಡಿ, ಮುಖಕ್ಕೆ ಊದಬೇಡಿ. ಕೈಯನ್ನು ನಿಧಾನವಾಗಿ ನೆಲಕ್ಕೆ ಇಳಿಸಿ, ಬಿಟ್ಟ ಮೇಲೆ ಗಾಯವನ್ನು ಸಾಬೂನಿನಿಂದ ತೊಳೆಯಿರಿ.

ನಿಮ್ಮ ಪತ್ರದಲ್ಲಿ ಪಂಜರದ ಅಳತೆಯಿಲ್ಲ. ಎಷ್ಟೋ ಕಡೆ ಕಚ್ಚುವ ಚಾಳಿಯ ಬೇರು ಅಲ್ಲೇ ಇರುತ್ತದೆ. ಸರಳನ್ನು ಸದಾ ಕಡಿಯುವುದು, ಒಂದೇ ಮೂಲೆಯಲ್ಲಿ ಮೇಲಕ್ಕೆ ಹತ್ತುತ್ತಲೇ ಇರುವುದು, ಕೈ ಕಂಡೊಡನೆ ಎರಗುವುದು, ಇವೆಲ್ಲ ಇಕ್ಕಟ್ಟಿನ ಲಕ್ಷಣಗಳು. ಉದ್ದ 100, ಅಗಲ 50 ಸೆಂಟಿಮೀಟರಿನ ತಳವಿರುವ ಪಂಜರವನ್ನು ಕನಿಷ್ಠವೆಂದು ಭಾವಿಸಿ. ಬಿಲ ತೋಡಲು ಇಪ್ಪತ್ತು ಸೆಂಟಿಮೀಟರಿಗಿಂತ ಆಳವಾಗಿ ಕಾಗದದ ಹಾಸನ್ನೋ ದೂಳಿಲ್ಲದ ಮರದ ಸಿಪ್ಪೆಯನ್ನೋ ಹಾಕಿ. ದೇವದಾರಿನಂಥ ಘಾಟಿನ ಮರ ಬೇಡ. ಕಾಲಿಗೆ ಸುತ್ತಿಕೊಳ್ಳುವ ಹತ್ತಿಯನ್ನಂತೂ ಇಡಲೇಬೇಡಿ. ಚಕ್ರ ಡ್ವಾರ್ಫ್‌ಗೆ 20, ಸಿರಿಯನ್‌ಗೆ 28 ಸೆಂಟಿಮೀಟರ್ ಆದರೂ ಇದ್ದು, ಓಡುವಾಗ ಬೆನ್ನು ಹಿಂದಕ್ಕೆ ಬಾಗದಂತಿರಬೇಕು. ಇದುವರೆಗೆ ಸುಮ್ಮನಿದ್ದ ಹ್ಯಾಮ್‌ಸ್ಟರ್ ಥಟ್ಟನೆ ಕಚ್ಚಲಾರಂಭಿಸಿದ್ದರೆ ಮಾತ್ರ ಅದಕ್ಕೆ ನೋವಿರಬಹುದು. ಬಾಚಿಹಲ್ಲುಗಳು ಜೀವನಪೂರ್ತಿ ಬೆಳೆಯುವಂಥವಾದ್ದರಿಂದ ಅತಿಯಾಗಿ ಬೆಳೆದಿವೆಯೇ, ಕೆನ್ನೆಚೀಲದಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಗನಿಗೆ ಐದು ವರ್ಷ, ರಾತ್ರಿ ಎಂಟಕ್ಕೆ ಮಲಗುತ್ತಾನೆ. ಹ್ಯಾಮ್‌ಸ್ಟರ್ ಹಗಲೆಲ್ಲ ನಿದ್ದೆ ಮಾಡುತ್ತದೆಂದು ಕೇಳಿದ್ದೇವೆ. ಹಗಲು ಎಚ್ಚರವಾಗಿರುವ ತಳಿಯಿದೆಯೇ? ಮನೆಯಲ್ಲಿ ನಾನು ಗರ್ಭಿಣಿ, ಅದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಹಗಲು ಆಟಕ್ಕೆ ಸಿಗುವ ಹ್ಯಾಮ್‌ಸ್ಟರ್ ಇಲ್ಲ. ಎಲ್ಲವೂ ಮುಸ್ಸಂಜೆಯ ಅನಂತರ ಏಳುವಂಥವು. ಹಗಲು ಎಬ್ಬಿಸಿ ಆಡಿಸುವ ಮನೆಗಳಲ್ಲೇ ಅವು ಕಚ್ಚುವುದನ್ನು ಕಲಿಯುವುದು. ನಿಮ್ಮ ಮಗ ಮಲಗುವ ಹೊತ್ತಿಗೆ ಅದು ಏಳುವುದಾದರೆ ಅವನ ಪಾಲಿಗೆ ಉಳಿಯುವುದು ಹಾಸಿನೊಳಗೆ ಅಡಗಿದ ಪ್ರಾಣಿಯ ಪಂಜರವಷ್ಟೇ. ಐದರ ಮಗುವಿಗೆ ಹಿಡಿತದ ಹದವೂ ಬಂದಿರುವುದಿಲ್ಲ. ದಂಶಕಗಳಲ್ಲಿಯೇ, ಅಂದರೆ ಇಲಿ ಅಳಿಲುಗಳ ಜಾತಿಯ ಪ್ರಾಣಿಗಳಲ್ಲಿಯೇ, ಬೇಕೆಂದರೆ ಹಗಲಲ್ಲೂ ಎಚ್ಚರವಾಗಿರುವ, ಗುಂಪಿನಲ್ಲಿ ಬಾಳುವ ಗಿನಿಪಿಗ್ ಜೋಡಿಯ ಬಗ್ಗೆ ಯೋಚಿಸಬಹುದು, ಆದರೆ ಅವಕ್ಕೆ ಜಾಗವೂ ಶುಚಿಗೊಳಿಸುವ ಕೆಲಸವೂ ಹೆಚ್ಚು.

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಖಚಿತವಾದುದು. ಹ್ಯಾಮ್‌ಸ್ಟರ್ ಸೇರಿದಂತೆ ದಂಶಕಗಳಿಂದ ಎಲ್‌ಸಿಎಂವಿ ಎಂಬ ವೈರಸ್ ಹರಡುವುದು ಅಪರೂಪವಾದರೂ ಗರ್ಭದಲ್ಲಿರುವ ಶಿಶುವಿಗೆ ಅದು ತೀವ್ರ ಹಾನಿ ಮಾಡಬಲ್ಲದು. ಆದ್ದರಿಂದ ಹೆರಿಗೆಯಾಗುವವರೆಗೆ ಹೊಸ ಹ್ಯಾಮ್‌ಸ್ಟರನ್ನಾಗಲಿ, ದಂಶಕವೇ ಆದ ಗಿನಿಪಿಗ್ಗನ್ನಾಗಲಿ ತರಬೇಡಿ. ಈಗಾಗಲೇ ಇರುವ ಮನೆಯಾದರೆ ಗರ್ಭಿಣಿಯರು ಅದನ್ನು ಮುಟ್ಟದೆ, ಪಂಜರ ತೊಳೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ವೈದ್ಯರಿಗೆ ವಿಷಯ ತಿಳಿಸಿರಬೇಕು. ಹ್ಯಾಮ್‌ಸ್ಟರ್‌ನ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ನಿಮ್ಮ ಮಗನಿಗೆ ಎಂಟೊಂಬತ್ತು ತುಂಬಿದಾಗ ಒಂದು ಸಿರಿಯನ್ ಮರಿಯನ್ನು ತಂದರೆ ಅದರ ಪೂರ್ಣಾಯುಸ್ಸು ಅವನ ಕಲಿಯುವ ವಯಸ್ಸಿನಲ್ಲೇ ಸಾಗುತ್ತದೆ. ಆಗಲೂ ಅದರ ಹೊಣೆ ನಿಮ್ಮದೇ ಎಂದು ಮೊದಲೇ ಒಪ್ಪಿಕೊಂಡು ತನ್ನಿ.