ಏಳೆಂಟ್ಲ ಎಷ್ಟು? ಬೆರಳನ್ನೇ ಕೇಳಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗುಣಾಕಾರದ ಬಗ್ಗೆಯೇ ಇವೆ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ನಾಲ್ಕನೇ ಕ್ಲಾಸು. ಐದರ ಮಗ್ಗಿಯವರೆಗೆ ಪಟಪಟ ಅಂತ ಹೇಳುತ್ತಾಳೆ. ಆರು, ಏಳು, ಎಂಟು ಬಂತು ಅಂದರೆ ಅಳು. ಬೆರಳಲ್ಲೇ ಗುಣಿಸಬಹುದು ಅಂತ ಪಕ್ಕದ ಮನೆಯವರು ಹೇಳಿದರು. ಹೇಗೆ ಅದು? ಬೆರಳು ಎಣಿಸೋದು ಕೆಟ್ಟ ಅಭ್ಯಾಸ ಅಲ್ವಾ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಖಂಡಿತ ಕೆಟ್ಟ ಅಭ್ಯಾಸ ಅಲ್ಲ. ಬೆರಳು ಎಣಿಸಿದ್ದಕ್ಕೆ ಮಗುವಿನ ಕೈ ಮೇಲೆ ಹೊಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಐದರವರೆಗೆ ಮಗ್ಗಿ ಬರುತ್ತೆ ಅಂದಿರಲ್ಲ, ಅಷ್ಟೇ ಸಾಕು. ಮಗಳನ್ನು ಎದುರಿಗೆ ಕೂರಿಸಿಕೊಳ್ಳಿ. ನೀವೂ ಎರಡು ಕೈ ಎತ್ತಿ.

7 × 8 ಮಾಡೋಣ. ಎಡಗೈ 7ಕ್ಕೆ. ಏಳು ಐದಕ್ಕಿಂತ ಎಷ್ಟು ಜಾಸ್ತಿ? ಎರಡು. ಎರಡು ಬೆರಳು ಮಡಚಿ. ಬಲಗೈ 8ಕ್ಕೆ. ಎಂಟು ಐದಕ್ಕಿಂತ ಮೂರು ಜಾಸ್ತಿ, ಮೂರು ಬೆರಳು ಮಡಚಿ. ಈಗ ಮಡಚಿದ ಬೆರಳು ಒಟ್ಟು ಐದು. ಒಂದೊಂದಕ್ಕೂ ಹತ್ತು, ಅಲ್ಲಿಗೆ ಐವತ್ತು. ನೆಟ್ಟಗೆ ನಿಂತ ಬೆರಳು ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು. ಇವನ್ನು ಕೂಡಿಸಬೇಡಿ, ಗುಣಿಸಿ. ಮೂರೆರಡ್ಲ ಆರು. ಐವತ್ತಕ್ಕೆ ಆರು ಸೇರಿಸಿದರೆ ಐವತ್ತಾರು. ಹೀಗೆ 6ರಿಂದ 10ರವರೆಗಿನ ಯಾವ ಜೋಡಿಯನ್ನಾದರೂ ಮಾಡಬಹುದು.

ಒಂದು ಕಡೆ ಮಾತ್ರ ಮಕ್ಕಳು ಎಡವುತ್ತಾರೆ. 6 × 7 ತಗೊಳ್ಳಿ. ಮಡಚಿದ್ದು ಒಂದು ಮತ್ತು ಎರಡು, ಅಂದರೆ ಮೂವತ್ತು. ನಿಂತದ್ದು ನಾಲ್ಕು ಮತ್ತು ಮೂರು, ನಾಲ್ಕ್ಮೂರ್ಲ ಹನ್ನೆರಡು. ಕೂಡಿಸಿದರೆ ನಲವತ್ತೆರಡು. ಆದರೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಮೂರರ ಪಕ್ಕ ಹನ್ನೆರಡನ್ನು ಹಾಗೇ ಇಟ್ಟು ಸ್ಲೇಟಿನ ಮೇಲೆ 312 ಅಂತ ಬರೆದ. ಬರೆದು ತಾನೇ ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ಕೂತ. ಆಮೇಲೆ ಎದ್ದು ಬಂದು, "ಮಿಸ್, ಹತ್ತ್ಹತ್ಲ ನೂರೇ ಅಲ್ವಾ, ಆರೇಳ್ಲ ಮುನ್ನೂರು ಹೇಗಾಗುತ್ತೆ?" ಅಂತ ಕೇಳಿದ. ಆ ಪ್ರಶ್ನೆ ಕೇಳಿದ ಮಗುವಿಗೆ ಲೆಕ್ಕ ಬಂದ ಹಾಗೆಯೇ. ನಿಮ್ಮ ಮಗಳೂ 312 ಬರೆದರೆ ಬೈಯಬೇಡಿ. ಮಡಚಿದ ಬೆರಳು ಹತ್ತುಗಳು, ನಿಂತ ಬೆರಳಿನ ಲೆಕ್ಕ ಬಿಡಿಗಳು ಅಂತ ಇನ್ನೊಮ್ಮೆ ತೋರಿಸಿ.

ಒಂಬತ್ತರ ಮಗ್ಗಿ ಇನ್ನೂ ಸುಲಭ. ಹತ್ತೂ ಬೆರಳು ಬಿಡಿಸಿ ಹಿಡಿಯಿರಿ. 9 × 4 ಬೇಕಾದರೆ ಎಡದಿಂದ ನಾಲ್ಕನೇ ಬೆರಳು ಮಡಚಿ. ಅದರ ಎಡಕ್ಕೆ ಮೂರು, ಬಲಕ್ಕೆ ಆರು. ಮೂವತ್ತಾರು. ಕೆಲವು ತಿಂಗಳು ಹೀಗೆ ಮಾಡಿದ ಮಕ್ಕಳು ತಾವಾಗಿಯೇ ಬೆರಳು ಬಿಡುತ್ತಾರೆ, ಬಾಯಿಗೇ ಬಂದುಬಿಡುತ್ತದೆ.

ಪ್ರಶ್ನೆ: ಇಂಥದ್ದನ್ನೆಲ್ಲ ಕಲಿಸುವ ವೇದಗಣಿತ ಕ್ಲಾಸು ನಮ್ಮ ಬಡಾವಣೆಯಲ್ಲಿ ಶುರುವಾಗಿದೆ. ಬೆರಳ ಲೆಕ್ಕವೂ ಸೇರಿ ಎಲ್ಲ ಅಥರ್ವವೇದದಲ್ಲಿದೆ ಅನ್ನುತ್ತಾರೆ. ನಿಜವಾ?
- ಓದುಗರು, ಶಿವಮೊಗ್ಗ

ಉತ್ತರ: ಮೊದಲು ಬೆರಳಿನದ್ದು ಹೇಳಿಬಿಡುತ್ತೇನೆ. ಮೇಲೆ ಹೇಳಿದ 7 × 8ರ ಉಪಾಯ ವೇದದ್ದೂ ಅಲ್ಲ, 'ವೇದಗಣಿತ' ಪುಸ್ತಕದ್ದೂ ಅಲ್ಲ. ಫ್ರಾನ್ಸು, ರಷ್ಯಾ ಕಡೆಯ ಹಳ್ಳಿಗರು ಹಿಂದಿನಿಂದಲೂ ಹೀಗೇ ಲೆಕ್ಕ ಹಾಕುತ್ತಿದ್ದರು.

ಇನ್ನು ವೇದಗಣಿತ. ಇದನ್ನು ಬರೆದವರು ಪುರಿಯ ಗೋವರ್ಧನ ಮಠದ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರು. ನಮಗೂ ಅವರಿಗೂ ಒಂದು ನಂಟಿದೆ. ಅವರು ಸನ್ಯಾಸಿ ಆಗುವ ಮೊದಲು ಶೃಂಗೇರಿಯಲ್ಲಿ ವರ್ಷಗಟ್ಟಲೆ ಇದ್ದು ವೇದಾಂತ ಓದಿದರು. ಅಲ್ಲಿನ ಕಾಡಿನಲ್ಲಿ ಏಕಾಂತದಲ್ಲಿ ಕೂತಿದ್ದಾಗ ಈ ಸೂತ್ರಗಳು ಹೊಳೆದವು ಅಂತ ಪುಸ್ತಕದ ಮೊದಲ ಪುಟಗಳು ಹೇಳುತ್ತವೆ. ಅವರು ತೀರಿಕೊಂಡದ್ದು 1960ರಲ್ಲಿ, ಪುಸ್ತಕ ಅಚ್ಚಾದದ್ದು 1965ರಲ್ಲಿ. ಅದರಲ್ಲಿ 16 ಸೂತ್ರಗಳಿವೆ. ಅಥರ್ವವೇದದ ಪರಿಶಿಷ್ಟದಲ್ಲಿ, ಅಂದರೆ ಅನುಬಂಧದಲ್ಲಿ ಇವೆ ಅಂತ ಅವರು ಹೇಳಿದರು. ಆದರೆ ಈಗ ಸಿಗುವ ಯಾವ ಪರಿಶಿಷ್ಟದಲ್ಲೂ ಅವು ಇಲ್ಲ. ಈ ಮಾತನ್ನು ಆ ಪುಸ್ತಕದ ಸಂಪಾದಕರಾದ ವಾಸುದೇವ ಶರಣ ಅಗ್ರವಾಲರೇ ಬರೆದಿದ್ದಾರೆ, ಯಾರೋ ಹೊರಗಿನವರು ತೆಗೆದ ತಕರಾರಲ್ಲ.

ಹಾಗಂತ ಲೆಕ್ಕ ಸುಳ್ಳಾಗುವುದಿಲ್ಲ. ಉತ್ತರ ಸರಿಯಾಗಿಯೇ ಬರುತ್ತದೆ. ಅದು 20ನೇ ಶತಮಾನದ ಒಬ್ಬ ಜಾಣ ಸನ್ಯಾಸಿಯ ಕೆಲಸ ಅಂತ ಗೌರವದಿಂದ ಹೇಳಿದರೆ ಏನು ಕಡಿಮೆಯಾಯಿತು? ವೇದಕಾಲದ ಗಣಿತವೇ ಬೇಕು ಅನ್ನುವವರು ಯಜ್ಞವೇದಿ ಕಟ್ಟುವ ಅಳತೆ ಹೇಳುವ ಶುಲ್ಬಸೂತ್ರಗಳನ್ನು ನೋಡಲಿ. ನಮ್ಮ ನೆಲದ್ದೇ ಬೇಕು ಅಂದರೆ ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ' ಇದೆ. ಕನ್ನಡದಲ್ಲೇ ಲೆಕ್ಕ ಬರೆದ 12ನೇ ಶತಮಾನದ ರಾಜಾದಿತ್ಯ ಇದ್ದಾನೆ. ಈ ಹೆಸರುಗಳನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ ಅನ್ನುವುದೇ ನನಗೆ ಬೇಜಾರು.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ವೇದಗಣಿತದ 'ನಿಖಿಲಂ' ಸೂತ್ರದಲ್ಲಿ 97 × 94 ಎರಡು ಸೆಕೆಂಡಿಗೆ ಬರುತ್ತದೆ. 63 × 48ಕ್ಕೆ ಹಾಕಿದರೆ ತಲೆ ಕೆಡುತ್ತದೆ. ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ?
- ಓದುಗ, ವಿಜಯಪುರ

ಉತ್ತರ: ನೀವು ತಪ್ಪು ಮಾಡುತ್ತಿಲ್ಲ ತಮ್ಮಾ, ಆ ಸೂತ್ರದ ಜಾಗ ಅದಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: 97ಕ್ಕೆ ನೂರಾಗಲು ಕೊರತೆ 3, 94ಕ್ಕೆ 6. 97ರಲ್ಲಿ 6 ಕಳೆದರೆ 91. ಕೊರತೆಗಳನ್ನು ಗುಣಿಸಿದರೆ 18. ಪಕ್ಕಪಕ್ಕ ಇಟ್ಟರೆ 9118, ಅದೇ ಉತ್ತರ.

ಯಾಕೆ ಬರುತ್ತೆ? 97 ರೂಪಾಯಿಯ 94 ಪುಸ್ತಕ ಕೊಂಡಿರಿ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೂ ನೂರರ ನೋಟು ಕೊಟ್ಟಿರಿ, 9400 ಆಯಿತು. ಅಂಗಡಿಯವರು ಪುಸ್ತಕಕ್ಕೆ 3 ರೂಪಾಯಿ ವಾಪಸ್ ಕೊಡಬೇಕು. ಅವರು ನೂರು ಪುಸ್ತಕದ ಲೆಕ್ಕ ಹಿಡಿದು 300 ವಾಪಸ್ ಕೊಟ್ಟುಬಿಟ್ಟರು ಅಂದುಕೊಳ್ಳಿ, ಅಲ್ಲಿಗೆ ನೀವು ಕೊಟ್ಟದ್ದು 9100. ಆದರೆ ಪುಸ್ತಕ ನೂರಕ್ಕೆ 6 ಕಡಿಮೆ, ಅಂದರೆ ಆರ್ಮೂರ್ಲ ಹದಿನೆಂಟು ರೂಪಾಯಿ ಜಾಸ್ತಿ ಬಂದಿದೆ. ಅದನ್ನು ಹಿಂದಕ್ಕೆ ಕೊಟ್ಟರೆ 9118.

ಈಗ ದಾವಣಗೆರೆಯ ಮಗುವಿನ ಕೈ ನೋಡಿ. 7ಕ್ಕೆ ನೆಟ್ಟಗೆ ನಿಂತದ್ದು ಮೂರು ಬೆರಳು, 8ಕ್ಕೆ ಎರಡು. ಆ ನಿಂತ ಬೆರಳುಗಳು ಏನು? ಹತ್ತಾಗಲು ಇರುವ ಕೊರತೆ! ನಿಖಿಲಂನಲ್ಲಿ ನೂರು, ಬೆರಳಿನಲ್ಲಿ ಹತ್ತು, ಅಷ್ಟೇ ವ್ಯತ್ಯಾಸ. ಫ್ರಾನ್ಸಿನ ರೈತನ ಕೈ, ಪುರಿಯ ಸ್ವಾಮಿಗಳ ಸೂತ್ರ ಎರಡೂ ಒಂದೇ ಲೆಕ್ಕ. ಇದು ಮೊದಲ ಸಲ ಹೊಳೆದ ದಿನ ನಾನು ಬಸ್ಸಿನಲ್ಲಿದ್ದೆ, ಇಳಿಯುವ ಸ್ಟಾಪು ದಾಟಿ ಹೋಗಿತ್ತು.

ಹಾಗಾಗಿ ಕೊರತೆ ಚಿಕ್ಕದಿದ್ದಾಗ ಮಾತ್ರ ನಿಖಿಲಂ. 63 ಮತ್ತು 48ಕ್ಕೆ ಕೊರತೆ 37 ಮತ್ತು 52. ಅವನ್ನು ಗುಣಿಸುವುದು ಮೂಲ ಲೆಕ್ಕಕ್ಕಿಂತ ಏನೂ ಸುಲಭ ಅಲ್ಲ. ಇಲ್ಲಿ 'ಊರ್ಧ್ವತಿರ್ಯಗ್ಭ್ಯಾಂ' ಹಿಡಿಯಿರಿ, ಅಂದರೆ ನೇರ ಮತ್ತು ಓರೆ. ಬಿಡಿ ಸ್ಥಾನ ಮೂರೆಂಟ್ಲ 24: 4 ಬರೆದು ದಶಕ 2. ಓರೆಯಾಗಿ ಆರೆಂಟ್ಲ 48, ಮೂರ್ನಾಲ್ಕ್ಲ 12, ಕೂಡಿದರೆ 60, ದಶಕ ಸೇರಿ 62: 2 ಬರೆದು ದಶಕ 6. ಕೊನೆಗೆ ಆರ್ನಾಲ್ಕ್ಲ 24, ದಶಕ ಸೇರಿ 30. ಉತ್ತರ 3024. ಶಾಲೆಯಲ್ಲಿ ಎರಡು ಸಾಲು ಬರೆದು ಕೂಡುತ್ತೇವಲ್ಲ, ಅದನ್ನೇ ಒಂದೇ ಸಾಲಿನಲ್ಲಿ ಮುಗಿಸುವುದು ಇದು. ಮಗ್ಗಿ ಬಾಯಿಗೆ ಬರದಿದ್ದರೆ ಇದೂ ನಡೆಯುವುದಿಲ್ಲ.

ಪ್ರಶ್ನೆ: ಶಾಲೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರಾ?
- ಏಳನೇ ತರಗತಿ ವಿದ್ಯಾರ್ಥಿ, ಹಾಸನ

ಉತ್ತರ: ಹಂತ ತೋರಿಸಿ ಅಂದಿದ್ದರೆ ಟೀಚರ್ ಕಲಿಸಿದ ಕ್ರಮದಲ್ಲೇ ಬರಿ ಪುಟ್ಟಾ. ಉಪಾಯದಲ್ಲಿ ಉತ್ತರ ತಾಳೆ ನೋಡು. ಎರಡೂ ಒಂದೇ ಬಂದರೆ ನೆಮ್ಮದಿಯಾಗಿ ಮುಂದಿನ ಲೆಕ್ಕಕ್ಕೆ ಹೋಗು.

ಪ್ರಶ್ನೆ: ನಮ್ಮ ತಾತ ಒಂದೇ ಕೈಯಲ್ಲಿ ಹದಿನಾರರವರೆಗೆ ಎಣಿಸುತ್ತಿದ್ದರು. ಐದು ಬೆರಳಲ್ಲಿ ಅದು ಹೇಗೆ?
- ಓದುಗರು, ಮಂಡ್ಯ

ಉತ್ತರ: ಅವರು ಎಣಿಸಿದ್ದು ಗೆಣ್ಣು. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳ ಮೇಲೆ ಸರಿಸುತ್ತಾ ಹೋಗಿ. ಒಂದೊಂದು ಬೆರಳಿಗೆ ಮೂರು ಗೆರೆ, ಮೇಲೊಂದು ತುದಿ. ನಾಲ್ಕ್ನಾಲ್ಕ್ಲ ಹದಿನಾರು. 1957ರಲ್ಲಿ ನಯಾ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ ಇತ್ತಲ್ಲ, ಒಂದು ಕೈ ಮುಗಿದರೆ ಒಂದು ರೂಪಾಯಿ. ನಮ್ಮಜ್ಜಿ ಸಂತೆಯಲ್ಲಿ ಸೆರಗಿನ ಕೆಳಗೆ ಕೈ ಇಟ್ಟುಕೊಂಡು ಹೀಗೇ ಎಣಿಸುತ್ತಿದ್ದಳು, ಬಾಯಲ್ಲಿ ಮಾತು ಬೇರೆಯದೇ ನಡೆಯುತ್ತಿರುತ್ತಿತ್ತು. ಆ ಕಾಲದವರಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಿಗೆ ಬರುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಕ್ಕಾಲು ಮಗ್ಗಿ ಇನ್ನೂ ನೆನಪಿದ್ದರೆ, ಅವರು ಹೇಳುವ ರಾಗದಲ್ಲೇ, ಒಂದಕ್ಷರ ತಿದ್ದದೆ ಬರೆದು ಕಳಿಸಿ. ಮುಂದಿನ ತಿಂಗಳು ಇಲ್ಲೇ ಅಚ್ಚು ಹಾಕುತ್ತೇನೆ.