ಟೋನಿ ವಿಲಿಯಮ್ಸ್ ಲೈಫ್‌ಟೈಮ್ ಎಂಬ ಜಾಝ್-ರಾಕ್ ತಂಡದ ‘ಎಮರ್ಜೆನ್ಸಿ!’ ಆಲ್ಬಮ್ ಬಗ್ಗೆ ಕೇಳುಗರಲ್ಲಿ ಇಷ್ಟೊಂದು ಭಿನ್ನಾಭಿಪ್ರಾಯ ಯಾಕೆ?

ಮುಖ್ಯ ಜಗಳ ಧ್ವನಿಮುದ್ರಣದ್ದು. 1969ರ ಮೇನಲ್ಲಿ ನ್ಯೂಯಾರ್ಕ್‌ನಲ್ಲಿ ಮುದ್ರಿಸಿದ ಈ ಜೋಡಿ ಎಲ್‌ಪಿಯಲ್ಲಿ (ಎರಡು ಗ್ರಾಮಫೋನ್ ತಟ್ಟೆಗಳ ಆಲ್ಬಮ್‌ನಲ್ಲಿ) ಇರೋದು ಮೂವರೇ: ಡ್ರಮ್ಸ್‌ಗೆ 23ರ ಹರೆಯದ ಟೋನಿ ವಿಲಿಯಮ್ಸ್, ಗಿಟಾರಿಗೆ ಜಾನ್ ಮೆಕ್‌ಲಾಫ್ಲಿನ್, ಆರ್ಗನ್‌ಗೆ ಲ್ಯಾರಿ ಯಂಗ್. ತಗ್ಗಿನ ಸ್ವರಗಳನ್ನು ನುಡಿಸೋ ಬೇಸ್ ವಾದಕ ಬೇರೆ ಇಲ್ಲ, ಆ ಹೊಣೆಯೂ ಯಂಗ್ ತಲೆ ಮೇಲೆ. ಮೂವರೂ ಜೋರಾಗಿ ನುಡಿಸಿದಲ್ಲೆಲ್ಲ ಸದ್ದು ಒಡೆದು ಗೊರಗೊರ ಅನ್ನುತ್ತೆ. ಕೆಲವರಿಗೆ ಅದು ಕೆಟ್ಟ ಕೆಲಸ, ಇನ್ನು ಕೆಲವರಿಗೆ ಅದೇ ಅದರ ಕಸುವು. ನಾನು ಎರಡನೇ ಗುಂಪು, ಆದರೆ ಹೆಡ್‌ಫೋನ್‌ನಲ್ಲಿ ಒಂದೇ ಸಲಕ್ಕೆ ಪೂರ್ತಿ ಕೇಳಲು ನನ್ನಿಂದಲೂ ಆಗಲ್ಲ.

ಇನ್ನೊಂದು ತಕರಾರು ವಿಲಿಯಮ್ಸ್ ಹಾಡಿಕೆ. ಅರ್ಧ ಮಾತು, ಅರ್ಧ ರಾಗ. ಇದನ್ನು ಸಮರ್ಥಿಸಿಕೊಳ್ಳೋದು ಅಭಿಮಾನಿಗಳಿಗೂ ಕಷ್ಟ.

ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ತರಹದ ಬ್ಲೂಸ್ ಹದದ ಆರ್ಗನ್ ಟ್ರಿಯೋ ನಿರೀಕ್ಷಿಸಿ ಬಂದವರಿಗಂತೂ ನಿರಾಸೆ ಖಚಿತ. ಯಂಗ್ ಇಲ್ಲಿ ಲಯಕ್ಕೆ ಕೂತು ಸ್ವರಗುಚ್ಛ ಒದಗಿಸುವುದಿಲ್ಲ. ಮಂಜಿನಂತೆ ಹಬ್ಬಿ, ಥಟ್ಟನೆ ಚುಚ್ಚುತ್ತಾರೆ. ಆಲ್ಬಮ್‌ನ ಹೆಸರನ್ನೇ ಹೊತ್ತ ತುಣುಕನ್ನು ಕೇಳಿ: ರಾಕ್ ಅಬ್ಬರ ನಡುವೆ ತಗ್ಗಿ, ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಮೇಲೆ ಅಪ್ಪಟ ಜಾಝ್ ಓಟ ಶುರುವಾಗುತ್ತೆ. ರಾಕ್ ಕಿವಿಯವರು ತಪ್ಪಿಹೋಗೋದೂ ಜಾಝ್ ಕಿವಿಯವರು ಹಿಡಿದುಕೊಳ್ಳೋದೂ ಅಲ್ಲೇ.

ಕರ್ನಾಟಕ ಸಂಗೀತದ ಕಿವಿ ನಿಮ್ಮದಾದರೆ ಮೆಕ್‌ಲಾಫ್ಲಿನ್ ಮುಂದಿನ ವರ್ಷಗಳಲ್ಲಿ ಘಟದ ವಿನಾಯಕರಾಮ್, ಪಿಟೀಲಿನ ಎಲ್. ಶಂಕರ್ ಜೊತೆ ನುಡಿಸಿದ ‘ಶಕ್ತಿ’ ತಂಡದಿಂದ ಶುರುಮಾಡಿ, ಆಮೇಲೆ ಇಲ್ಲಿಗೆ ಬನ್ನಿ.